ನನ್ನ ತ್ಯಾಗದ ಏಳು ಶಾಲುಗಳು

ಸನ್ಮಾನದ ಶಾಲು ಮೈ ಬೆಚ್ಚಗಿಡಲು ನೇಯ್ದದ್ದಲ್ಲ. ಹೊಸನಗರದಲ್ಲಿ ಐವತ್ತು ವರ್ಷ ಬಟ್ಟೆ ಹೊಲಿದ ಕೈಗೆ ಅಷ್ಟು ಗೊತ್ತಾಗುತ್ತದೆ. ಅದರ ಜರಿ ಕುತ್ತಿಗೆಗೆ ಚುಚ್ಚುತ್ತದೆ. ಬಣ್ಣ ಮೊದಲ ಒಗೆತಕ್ಕೇ ಬನಿಯನ್ನಿಗೆ ವರ್ಗವಾಗುತ್ತದೆ. ಅಂಥ ಏಳು ಶಾಲು ನನ್ನ ಪೆಟ್ಟಿಗೆಯಲ್ಲಿವೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟ ದರ್ಜಿಗೆ ಏಳು ಸಲ ಸನ್ಮಾನ ಯಾಕಾಯಿತೆಂದು ನೀವು ಕೇಳುವುದು ನ್ಯಾಯವೇ.

ಮಾಡಿಸಿದವನು ನನ್ನ ತಮ್ಮ ಶ್ರೀಧರ, ವಿಶ್ವವಿದ್ಯಾಲಯದ ಇತಿಹಾಸ ಪ್ರೊಫೆಸರ್. ಶಿಷ್ಯರನ್ನು ಕಟ್ಟಿಕೊಂಡು ಶಾಸನದ ಕಲ್ಲು ಹುಡುಕುತ್ತ ಗದ್ದೆ ಗುಡ್ಡ ಸುತ್ತಿ, ಮೊಣಕಾಲು ಹರಿದ ಪ್ಯಾಂಟುಗಳನ್ನು ನನ್ನ ಅಂಗಡಿಗೆ ತರುತ್ತಿದ್ದ. ಅವನ ಸೇವಾ ದಾಖಲೆ ನಾನು ಹಾಕಿದ ತೇಪೆಗಳಲ್ಲಿದೆ. ಅವನಿಗೆ ಎಲ್ಲಿ ಸನ್ಮಾನವಾದರೂ ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಕೊನೆಗೆ, "ನಾನು ಓದಲಿ ಅಂತ ಶಾಲೆ ಬಿಟ್ಟ ಅಣ್ಣ ಅಲ್ಲಿ ಕೂತಿದ್ದಾರೆ" ಎನ್ನುತ್ತಾನೆ. ಸಭೆ ಕಣ್ಣೊರೆಸಿಕೊಳ್ಳುತ್ತದೆ, ಸಂಘಟಕರು ಹೆಚ್ಚಿನ ಶಾಲು ಹುಡುಕುತ್ತಾರೆ. ಸಾಗರದಲ್ಲೊಮ್ಮೆ ಹೆಚ್ಚಿನದಿಲ್ಲದೆ, ಅಧ್ಯಕ್ಷರ ಹೆಗಲ ಮೇಲಿದ್ದುದನ್ನೇ ತೆಗೆದು ನನಗೆ ಹೊದೆಸಿದರು. ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಯಾಕೆಂದರೆ, ನಾನು ಶಾಲೆ ಬಿಟ್ಟದ್ದು ಭಿನ್ನರಾಶಿಗೆ ಹೆದರಿ. ಲೆಕ್ಕದ ಮೇಷ್ಟ್ರ ಕಣ್ಣು ತಪ್ಪಿಸಿ ಮೂರು ತಿಂಗಳು ಸೇತುವೆ ಕೆಳಗೆ ಮೀನು ನೋಡುತ್ತ ಕೂತೆ. ಸಿಕ್ಕಿಬಿದ್ದ ಮೇಲೆ ಅಪ್ಪ ಬೇಸತ್ತು ಹೊಲಿಗೆಗೆ ಹಾಕಿದರು. ಮುಂದೆ ಐವತ್ತು ವರ್ಷ ಕಾಲು ಇಂಚು, ಮುಕ್ಕಾಲು ಇಂಚಿನಲ್ಲೇ ಬದುಕಿದೆನೆಂಬುದು ಬೇರೆ ಮಾತು. ಶ್ರೀಧರನಿಗೆ ಕೆಲಸ ಸಿಕ್ಕಿದಾಗ, "ನೀ ಯಾಕೆ ಓದು ಬಿಟ್ಟೆ ಅಣ್ಣ?" ಎಂದು ಕೇಳಿದ. ಎದುರಿಗೆ ನನ್ನ ಹೊಸ ಹೆಂಡತಿ ನಿಂತಿದ್ದಳು. "ನೀನಾದ್ರೂ ಓದ್ಲಿ ಅಂತ" ಎಂದುಬಿಟ್ಟೆ. ಇತಿಹಾಸದ ಪ್ರೊಫೆಸರು ಅದೊಂದು ಸಲ ಮಾತ್ರ ಆಧಾರ ಪರೀಕ್ಷಿಸದೆ ನಂಬಿದ.

ಮೊನ್ನೆ ತೀರ್ಥಹಳ್ಳಿಯಲ್ಲಿ ಅವನ ನಿವೃತ್ತಿಯ ಅಭಿನಂದನೆ. ಹೊರಡುವಾಗ, ಎಲ್ಲ ಬಲ್ಲ ನನ್ನಾಕೆ, "ಈ ಸಲನಾದ್ರೂ ಹೇಳ್ತೀರಾ, ಇಲ್ಲ ಎಂಟನೇದೂ ಪೆಟ್ಟಿಗೆಗೆ ಹಾಕ್ತೀರಾ?" ಎಂದಳು. ಶ್ರೀಧರ ಮಾಮೂಲಿ ಮಾತು ಮುಗಿಸಿದ ಕೂಡಲೇ ನಾನು ವೇದಿಕೆ ಹತ್ತಿ ಮೈಕು ಹಿಡಿದೆ. ತ್ಯಾಗವಲ್ಲ, ಭಿನ್ನರಾಶಿ ಎಂದೆ. ಸೇತುವೆ, ಮೀನು, ಸುಳ್ಳು, ಎಲ್ಲ ಹೇಳಿದೆ. ಆಮೇಲೆ ಮುಂದಿನ ಸಾಲಿನ ಹಿರಿಯರೊಬ್ಬರು, "ಎಂಥ ದೊಡ್ಡತನ ಮಾರಾಯ್ರೆ! ತ್ಯಾಗಾನೂ ಮುಚ್ಚಿಡ್ತಾರೆ!" ಎಂದರು. ಚಪ್ಪಾಳೆಯ ನಡುವೆ ಎಂಟನೆಯದು ಹೆಗಲಿಗೇರಿತು. ಕೈ ತಟ್ಟದೆ ಇದ್ದವನು ಶ್ರೀಧರನೊಬ್ಬನೇ.

ಸಂಜೆ ವಾಪಸು ಬರುವಾಗ ಕಾರಿನಲ್ಲಿ ಅವನು ಮುಖವನ್ನು ಕಿಟಕಿಯತ್ತ ತಿರುಗಿಸಿ ಕೂತ. ತಮ್ಮನನ್ನು ಕಳೆದುಕೊಂಡೆನೆಂದೇ ಎಣಿಸಿದೆ.

"ಹಂಗಾರೆ," ಎಂದ ಕೊನೆಗೆ, "ಅಪ್ಪ ದಿನಾ ನನ್ನ ಕೈ ಹಿಡ್ಕಂಡು ಕ್ಲಾಸಿನ ಬಾಗ್ಲ ತನಕ ಬಿಟ್ಟು ಹೋಗ್ತಿದ್ದಿದ್ದು ಅದಕ್ಕಾ? ನಾನು ಪ್ರೀತಿ ಅಂದ್ಕಂಡಿದ್ದೆ!"

"ಪ್ರೀತಿನೇ ಕಣೋ. ನನ್ನ ಮೇಲೆ ಕಲ್ತಿದ್ದು, ನಿನ್ನ ಮೇಲೆ ತೋರ್ಸಿದ್ರು."

ಅವನು ನಕ್ಕು ನಕ್ಕು ಕೆಮ್ಮಿದ. "ಅಲ್ಲ ಅಣ್ಣ, ಮೂರು ತಿಂಗ್ಳು ಮೀನು ನೋಡಿದ್ಯಲ್ಲ, ನನ್ನೂ ಕರಿಬಾರ್ದಿತ್ತಾ?"

ಕಿಟಕಿಯಿಂದ ಚಳಿಗಾಳಿ ಬರುತ್ತಿತ್ತು. ಎಂಟನೇ ಶಾಲನ್ನು ಬಿಚ್ಚಿ ಇಬ್ಬರ ಹೆಗಲಿಗೂ ಹಾಕಿದೆ. ಲೆಕ್ಕದ ಮೇಷ್ಟ್ರಿದ್ದಿದ್ದರೆ ತಲಾ ಅರ್ಧ ಎನ್ನುತ್ತಿದ್ದರು. ಚುಚ್ಚುವುದು ಮಾತ್ರ ಇಬ್ಬರಿಗೂ ಪೂರ್ತಿಯೇ ಇತ್ತು.