ಬಿಡಿಸದೆ ಬಿಟ್ಟ ಸುರುಳಿ

ಪ್ರಾಣಿಶಾಸ್ತ್ರದ ಮೇಡಂ ಯಾರೊಡನೆ ಮಾತನಾಡಿದರೂ ಅವರ ಎಡಗಣ್ಣು ಅರ್ಧ ಮುಚ್ಚಿರುತ್ತಿತ್ತು. ಮೂವತ್ತು ವರ್ಷ ಬಲಗಣ್ಣಿನಿಂದ ಮೈಕ್ರೋಸ್ಕೋಪು ನೋಡಿ ನೋಡಿ ಬಂದ ಅಭ್ಯಾಸ. ಭದ್ರಾವತಿಯ ನಮ್ಮ ಕಾಲೇಜಿಗೆ ಹೊಸದಾಗಿ ಬಂದವರು, ಇವರು ತಮ್ಮನ್ನು ಅನುಮಾನದಿಂದ ನೋಡುತ್ತಿದ್ದಾರೆ ಎಂದೇ ಹೆದರುತ್ತಿದ್ದರು. ವಿದ್ಯಾರ್ಥಿನಿಯಾಗಿ ಸೇರಿದಾಗ ನಾನೂ ಹೆದರಿದ್ದೆ.

ಭಟ್ಕಳದಲ್ಲಿದ್ದ ಅವರ ತಂಗಿ “ಅಕ್ಕಾ, ಕಡಲು ಕೆಂಪಾಯ್ತು” ಎಂದು ಫೋನ್ ಮಾಡಿದರೆ ಸಾಕು, ಮೇಡಂ ರಜೆ ಹಾಕಿ ಬಸ್ಸು ಹತ್ತುತ್ತಿದ್ದರು. ಮರಳುವಾಗ ತೊಡೆಯ ಮೇಲೆ ಒದ್ದೆ ಟವೆಲ್ ಸುತ್ತಿದ ಹಾಲಿನ ಕ್ಯಾನು, ಅದರ ತುಂಬ ಸಮುದ್ರದ ನೀರು. ಕಂಡಕ್ಟರ್ ಒಮ್ಮೆ “ತೀರ್ಥನಾ ಅಮ್ಮಾ?” ಎಂದು ಕೈಯೊಡ್ಡಿದ್ದನಂತೆ. “ಕಾಯಿಲೆ ನೀರು ಕಣಪ್ಪಾ” ಎಂದರಂತೆ ಇವರು.

ಅವರು ಹುಡುಕುತ್ತಿದ್ದುದು ನಿಜಕ್ಕೂ ಕಾಯಿಲೆಯನ್ನೇ. ಕಡಲನ್ನು ಕೆಂಪಾಗಿಸುವ, ಕೆಲವೊಮ್ಮೆ ಮೀನುಗಳನ್ನೂ ಕೊಲ್ಲುವ ಸೂಕ್ಷ್ಮಜೀವಿಯ ಹೊಟ್ಟೆಯೊಳಗೆ ಅದಕ್ಕಿಂತ ಚಿಕ್ಕದೊಂದು ಪರಾವಲಂಬಿ ಹೊಕ್ಕು, ಒಳಗಿಂದಲೇ ತಿಂದು ಬೆಳೆದು, ಒಡೆದು ಹೊರಬರುತ್ತದೆ. “ಇವನು ಚಾಪೆ ಕೆಳಗೆ ತೂರಿದ್ರೆ ಅವನು ರಂಗೋಲಿ ಕೆಳಗೆ ತೂರ್ತಾನೆ. ಓದಿದ್ದೀನಿ, ಪಾಠ ಮಾಡಿದ್ದೀನಿ, ಕಣ್ಣಾರೆ ಕಂಡಿಲ್ಲ. ಸಾಯೋದ್ರೊಳಗೆ ಒಂದ್ಸಲ ನೋಡ್ಬೇಕು ಮಾರಾಯ್ತಿ” ಎನ್ನುತ್ತಿದ್ದರು.

ಅವರು ನಿವೃತ್ತರಾಗುವ ವರ್ಷ ಕೊನೆಯ ಕ್ಯಾನು ಬಂತು. ಪ್ರಿನ್ಸಿಪಾಲರು ಕರೆದರೆಂದು ಎದ್ದು ಹೋಗುವಾಗ ಮೈಕ್ರೋಸ್ಕೋಪಿನ ಮುಂದಿನ ತಮ್ಮ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, “ಕಂಡಿದ್ದನ್ನ ಬಿಡಿಸ್ತಿರು” ಎಂದರು. ನನಗೋ ರೆಕಾರ್ಡ್ ಪುಸ್ತಕದಲ್ಲಿ ಹತ್ತಕ್ಕೆ ಹತ್ತು ತೆಗೆಯುವ ಜಂಬ. ಕಂಡ ಜೀವಿಗಳಲ್ಲಿ ಒಂದು ಹಾಳಾದಂತಿತ್ತು. ಅದನ್ನು ಬಿಟ್ಟು, ಪಠ್ಯಪುಸ್ತಕದಲ್ಲಿರುವಂಥ ಚೊಕ್ಕವಾದದ್ದೊಂದನ್ನು ಬಿಡಿಸಿ, ಭಾಗಗಳ ಹೆಸರು ಬರೆದು, ಸ್ಲೈಡ್ ತೊಳೆದಿಟ್ಟೆ.

ಮೇಡಂ ಬಂದು ನೋಡಿ “ಚೆನ್ನಾಗಿದೆ” ಎಂದರು.

“ಒಂದು ಮಾತ್ರ ಕೆಟ್ಟಿತ್ತು ಮೇಡಂ. ಒಳಗೆ ಸುರುಳಿ ಸುರುಳಿಯಾಗಿ ಏನೋ ತುಂಬ್ಕೊಂಡಿತ್ತು. ತೊಳೆದ್ಬಿಟ್ಟೆ.”

“ರಂಗೋಲಿ ಕೆಳಗೆ ತೂರೋನು ಅವನೇ ಕಣೇ” ಎನ್ನುತ್ತಾ ಅವರು ಕುರ್ಚಿ ಎಳೆದುಕೊಂಡರು. ಸಂಜೆಯವರೆಗೆ ಕ್ಯಾನಿನ ನೀರನ್ನು ಹನಿ ಹನಿಯಾಗಿ ನೋಡಿದರು. ಅಂಥದ್ದು ಇನ್ನೊಂದು ಸಿಗಲಿಲ್ಲ. ಮಾರನೆಯ ದಿನ ನೀರು ನಾರುತ್ತಿತ್ತು. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಬೈಯಲಿಲ್ಲ. “ನೀನಾದ್ರೂ ನೋಡಿದ್ಯಲ್ಲ. ಹೇಗಿತ್ತು, ಹೇಳು” ಎಂದರು.

ನಾನು ಶಿವಮೊಗ್ಗದ ಒಂದು ರಕ್ತಪರೀಕ್ಷೆಯ ಲ್ಯಾಬಿಗೆ ಸೇರಿದ ಮೇಲೂ ಭಾನುವಾರಗಳಂದು ಭದ್ರಾವತಿಯ ಜನ್ನಾಪುರದ ಅವರ ಮನೆಗೆ ಹೋಗುತ್ತಿದ್ದೆ. ಕಾಫಿ ಲೋಟ ಕೈಗಿಟ್ಟ ಕೂಡಲೇ ಅದೇ ಮಾತು: “ಇನ್ನೊಂದ್ಸಲ ಹೇಳೇ.” ಹೇಳುತ್ತಿದ್ದೆ. ಅವರು ಹಾಸಿಗೆ ಹಿಡಿದ ಮೇಲೆ ಒಂದು ದಿನ, ಸಂತೋಷಪಡಲಿ ಎಂದು, “ಸುರುಳಿ ಮೆಲ್ಲಗೆ ತಿರುಗ್ತಿತ್ತು ಮೇಡಂ” ಎಂದು ಸೇರಿಸಿದೆ.

“ಅದನ್ನ ನೀನು ನೋಡಿಲ್ಲ” ಎಂದರು. “ನೋಡಿದ್ದಷ್ಟೇ ಹೇಳು. ನಂಗೆ ಅಷ್ಟೇ ಸಾಕು.”

ಅವರು ಹೋಗಿ ಎರಡು ವರ್ಷವಾಯಿತು. ಭಾನುವಾರ ಬಂದರೆ ಈಗಲೂ ಸಂಕಟವಾಗುತ್ತದೆ. ಅಂದು ಬಿಟ್ಟ ಚಿತ್ರವನ್ನು ಬಿಡಿಸಲು ಪೆನ್ಸಿಲ್ ಹಿಡಿದು ಎಷ್ಟೋ ಸಲ ಕೂತಿದ್ದೇನೆ. ಎಷ್ಟು ನನ್ನ ಕಣ್ಣು ಕಂಡದ್ದು, ಎಷ್ಟು ಆಮೇಲೆ ಬಾಯಿಗೆ ಬಂದದ್ದು ಎಂದು ಈಗ ನನಗೇ ತಿಳಿಯುವುದಿಲ್ಲ. ಅದನ್ನು ಸರಿಯಾಗಿ ಹೇಳಬಲ್ಲವರು, ಮೊದಲ ದಿನದಿಂದ ಕೇಳುತ್ತ ಬಂದಿದ್ದ ಅವರೊಬ್ಬರೇ ಇದ್ದರು.