ಎದುರು ಮಗ್ಗದವನಿಗೆ ಹೇಳಿದ ಮಾತು

ನಮ್ಮ ಬೀದಿಯಲ್ಲಿ ಸಿನಿಮಾದಲ್ಲಿ ತೆರೆ ತುಂಬ ಕಾಣಿಸಿಕೊಂಡವರು ಒಬ್ಬರೇ ಇದ್ದಾರೆ. ಅದೂ ಹಿಂದಿ ಸಿನಿಮಾ, ದೊಡ್ಡ ಹೀರೋ ಇದ್ದದ್ದು. ನನಗೇನಾದರೂ ಆ ಭಾಗ್ಯ ಬಂದಿದ್ದರೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಗೇಟಣ್ಣನ ಮುಂದೆ ಆ ವಿಷಯ ಎತ್ತಿದರೆ ಮಾತ್ರ, "ಅದೇನ್ ಬಿಡು ತಂಗಿ" ಎಂದು ಬೀಗದ ಕೈ ಗೊಂಚಲು ಹಿಡಿದು ಒಳಗೆ ಹೋಗಿಬಿಡುತ್ತಾರೆ.

ಗೇಟಣ್ಣ ಎಂದು ಹೆಸರಿಟ್ಟವಳು ನಾನೇ. ಮುಚ್ಚಿದ ಬಟ್ಟೆ ಮಿಲ್ಲಿನ ಗೇಟಿಗೆ ಎದುರಾಗಿ ನನ್ನ ಹೊಲಿಗೆ ಅಂಗಡಿ. ಇಡೀ ದಿನ ಮಷೀನಿನ ಮುಂದೆ ಕೂತವಳು ಕಣ್ಣೆತ್ತಿದರೆ ಕಾಣುವುದು ಅವರ ಕಾವಲು ಗೂಡು. ಅದರೊಳಗೆ ಒಂದು ಮರದ ಕುರ್ಚಿ, ಮೊಳೆಗೆ ನೇತುಹಾಕಿದ ಅಂಗಿ, ಒಂದು ಕಪ್ಪು ಟೆಲಿಫೋನು. ಒಳಗಿನ ಗೋದಾಮುಗಳನ್ನು ಯಾರ್ಯಾರಿಗೋ ಬಾಡಿಗೆಗೆ ಕೊಟ್ಟಿದ್ದರಿಂದ ಮಿಲ್ಲಿನ ಧಣಿ ಆ ಫೋನನ್ನು ತೆಗೆಸಿರಲಿಲ್ಲ. ಅದು ರಿಂಗಾಗುವುದು ಅಪರೂಪ. ರಿಂಗಾದರೂ "ರಾಂಗ್ ನಂಬರ್" ಎಂದು ಇವರು ಇಟ್ಟುಬಿಡುವುದೇ ಹೆಚ್ಚು. ಮಧ್ಯಾಹ್ನ ಬುತ್ತಿ ಬಿಚ್ಚಿ ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದರು. ಒಬ್ಬರೇ ಉಣ್ಣುವುದನ್ನು ಬೀದಿಯವರು ನೋಡಬಾರದು ಎಂಬ ಸಂಕೋಚ. ನನಗೆ ಅದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ಸಿಟ್ಟು ಯಾರ ಮೇಲೆ ಎಂದು ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಕಾವಲುಗಾರ ಆಗುವುದಕ್ಕೆ ಮೊದಲು ಅವರು ಅದೇ ಮಿಲ್ಲಿನಲ್ಲಿ ಮಗ್ಗ ನಡೆಸುತ್ತಿದ್ದರು. ಮಗ್ಗದ ಶೆಡ್ಡಿನಲ್ಲಿ ಕೂಗಿ ಪ್ರಯೋಜನವಿಲ್ಲ. ನೂರಾರು ಲಾಳಿಗಳು ಹೊಡೆದುಕೊಳ್ಳುವ ಆ ಸದ್ದಿನಲ್ಲಿ ಪಕ್ಕದವನು ಕೆಮ್ಮಿದರೂ ಕೇಳಿಸುವುದಿಲ್ಲ. ಹಾಗಾಗಿ ಅಲ್ಲಿಯವರು ದನಿಯನ್ನೇ ಬಿಟ್ಟು ಬರೀ ತುಟಿಯಲ್ಲಿ ಮಾತಾಡುತ್ತಿದ್ದರು. ಎದುರಿನವನು ತುಟಿ ನೋಡಿ ತಿಳಿದುಕೊಳ್ಳುತ್ತಿದ್ದ. ಮಾತು ಬೇಡವೆನಿಸಿದರೆ ಮುಖ ತಿರುಗಿಸಿದರಾಯಿತು, ಅಲ್ಲಿಗೆ ಮುಗಿಯಿತು. ಮುಖ ತಿರುಗಿಸಿದವನಿಗೆ ಏನನ್ನೂ ಹೇಳುವ ದಾರಿಯಿಲ್ಲ. ಆ ಶೆಡ್ಡಿನಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇರಲಿಲ್ಲವಂತೆ.

ಎದುರು ಮಗ್ಗದವನೊಂದಿಗೆ ಗೇಟಣ್ಣನಿಗೆ ಗಳಸ್ಯ ಕಂಠಸ್ಯ. ಒಂದು ದಿನ ಆತ ಕಡಿದುಹೋದ ಎಳೆಗೆ ಗಂಟು ಹಾಕುತ್ತ, "ನನ್ನ ತಂಗೀನ ಮದುವೆ ಆಗ್ತೀಯಾ?" ಎಂದು ತುಟಿಯಲ್ಲೇ ಕೇಳಿದ. ಇವರು ತಲೆಯೆತ್ತುವಷ್ಟರಲ್ಲಿ ಸಾಲಿಗೆ ಸಾಲೇ ಆ ಮಾತನ್ನು ಓದಿಕೊಂಡು, ಉತ್ತರಕ್ಕಾಗಿ ಇವರ ತುಟಿ ನೋಡುತ್ತ ನಿಂತಿತ್ತು.

"ಅಷ್ಟು ಜನ ನೋಡ್ತಾ ಇರೋವಾಗ ಇಲ್ಲ ಅನ್ನೋಕಾಗುತ್ತಾ ತಂಗಿ?" ಎಂದು ಗೇಟಣ್ಣ ನಗುತ್ತಿದ್ದರು. ಅವರು ನಗುತ್ತಿದ್ದದ್ದು ಆ ಒಂದು ಮಾತಿಗೆ ಮಾತ್ರ.

ಹಾಗೆ ಗೆಳೆಯರು ಭಾವಂದಿರಾದರು. ಒಬ್ಬರನ್ನೊಬ್ಬರು ಭಾವ ಎಂದೇ ಕರೆದುಕೊಂಡರು. ಗೇಟಣ್ಣನಿಗೆ ಮಕ್ಕಳಾಗಲಿಲ್ಲ. ಹೆಂಡತಿ ಕಾಯಿಲೆ ಬಿದ್ದು ತೀರಿಕೊಂಡ ಮೇಲೆ ತನ್ನವರು ಅಂತ ಉಳಿದದ್ದು ಆ ಭಾವ ಒಬ್ಬನೇ. ಹೆಣ ಎತ್ತುವ ದಿನ ಧಣಿ ಬಂದು ಬಾಗಿಲಲ್ಲಿ ನಿಂತಿದ್ದರು. ಚಪ್ಪಲಿ ಬಿಟ್ಟು, ಕೈಕಟ್ಟಿ, ಎಲ್ಲ ಮುಗಿಯುವವರೆಗೆ ನಿಂತಿದ್ದರು. ಗೇಟಣ್ಣ ಅದನ್ನು ಮರೆಯಲೇ ಇಲ್ಲ.

ಅದೇ ಧಣಿ ಮುಂದೆ ಮಿಲ್ಲು ಮುಚ್ಚಿದರು. ನೇಯುವುದಕ್ಕಿಂತ ಹೊರಗಿನಿಂದ ಬಟ್ಟೆ ತರಿಸಿ ಮಾರುವುದೇ ಲಾಭ ಎಂದು ಅವರಿಗೆ ಹೊಳೆದಿತ್ತು. ಅಂಗಳದಲ್ಲಿ ಎಲ್ಲರನ್ನೂ ಸೇರಿಸಿ, ಕೈಮುಗಿದು, ಕಣ್ಣು ಒರೆಸಿಕೊಂಡು ಮುಚ್ಚುವ ಸುದ್ದಿ ಹೇಳಿದರು. ಮಗ್ಗಗಳು ಗುಜರಿಗೆ ಹೋದವು. ಗೇಟು ಕಾಯಲು ನಂಬಿಕಸ್ತ ಬೇಕು ಎಂದು ಬೀಗದ ಕೈಯನ್ನು ಗೇಟಣ್ಣನ ಕೈಗಿಟ್ಟರು. ಇವರು ತೆಗೆದುಕೊಂಡರು.

ಭಾವ ಗೇಟಿನ ಬಳಿಗೆ ಬಂದದ್ದು ಆಮೇಲೆ. ಅವತ್ತು ನಾನು ಅಂಗಡಿಯಲ್ಲೇ ಇದ್ದೆ, ನನ್ನ ಕಿವಿಯಾರೆ ಕೇಳಿದ್ದೇನೆ.

"ಯಾರು ಒಳಗೆ ಬರದೇ ಇರಲಿ ಅಂತ ಕಾಯ್ತಿದೀಯ ಭಾವ? ನಮ್ಮನ್ನೇ ತಾನೇ?"

"ಧಣಿ ಕೆಟ್ಟವರಲ್ಲ ಭಾವ."

"ಕೆಟ್ಟವನಾಗಿದ್ರೆ ಕಾಲರ್ ಹಿಡಿದು ಕೇಳ್ತಿದ್ವಿ. ಕಣ್ಣೀರು ಹಾಕ್ಕೊಂಡು ಬಾಗಿಲು ಹಾಕಿದ ನೋಡು, ಅದಕ್ಕೇ ಯಾರಿಗೂ ಬಾಯಿ ಬರಲಿಲ್ಲ. ನೀನಂತೂ ಕೀಲಿ ಬೇರೆ ಇಸ್ಕೊಂಡೆ."

ಗೇಟಣ್ಣ ಏನೋ ಹೇಳಲು ಬಾಯಿ ತೆರೆದರು. ಭಾವ ಮುಖ ತಿರುಗಿಸಿದ. ತಿರುಗಿಸಿಕೊಂಡೇ ರಸ್ತೆ ದಾಟಿ ನಡೆದ. ಇವರು ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡರು.

ಇಲ್ಲೇ ನನಗೆ ತಲೆ ಕೆಡುವುದು. ಅದು ಬೀದಿ. ಅಲ್ಲಿ ಯಾವ ಮಗ್ಗವೂ ಓಡುತ್ತಿರಲಿಲ್ಲ. ಒಂದು ಸಲ "ಭಾವಾ" ಎಂದು ಕೂಗಿದ್ದರೆ ಆತನಿಗೆ ಕೇಳಿಸುತ್ತಿತ್ತು, ನಿಲ್ಲುತ್ತಿದ್ದನೋ ಏನೋ. ಆದರೆ ಅಷ್ಟು ವರ್ಷ ಶೆಡ್ಡಿನಲ್ಲಿ ಕಳೆದವರಿಗೆ, ಮುಖ ತಿರುಗಿಸಿದವನನ್ನು ಕೂಗಿ ಕರೆಯಬಹುದು ಎನ್ನುವುದೇ ನೆನಪಾಗಲಿಲ್ಲ. ವಾರ ಕಳೆಯುವಷ್ಟರಲ್ಲಿ ಭಾವ ಮನೆ ಖಾಲಿ ಮಾಡಿ ಮಗಳ ಊರಿಗೆ ಹೋಗಿದ್ದ. ಯಾವ ಊರು ಎಂದು ಯಾರಿಗೂ ಹೇಳಿರಲಿಲ್ಲ.

ಕೆಲವು ವರ್ಷಗಳಾದ ಮೇಲೆ ಸಿನಿಮಾದವರು ಬಂದರು. ಕಥೆ ಒಬ್ಬ ವ್ಯಾಪಾರಿಯದು. ಬಟ್ಟೆಯ ಗಂಟು ಹೊತ್ತು ಮನೆಮನೆಗೆ ಅಲೆದವನು, ಕಂಡಕಂಡವರನ್ನು ಹಿಂದೆ ಹಾಕಿ ಮಿಲ್ಲಿನ ಧಣಿಯಾಗುತ್ತಾನೆ, ಇನ್ನೂ ಮೇಲೆ ಹೋಗಲು ಅದೇ ಮಿಲ್ಲನ್ನು ಮುಚ್ಚುತ್ತಾನೆ. ಆ ಮುಚ್ಚುವ ದೃಶ್ಯಕ್ಕೆ ಅವರಿಗೆ ನಿಜವಾದ ಮಿಲ್ಲಿನ ಅಂಗಳ ಬೇಕಾಗಿತ್ತು. ಕೆಲಸದವರ ಗುಂಪಿಗೆ ಬೀದಿಯ ಪಡ್ಡೆ ಹುಡುಗರು, ಬಸ್ ಡ್ರೈವರು, ನನ್ನ ಯಜಮಾನರು, ಸಿಕ್ಕವರನ್ನೆಲ್ಲ ಸೇರಿಸಿದರು. ನಿಜವಾಗಿ ಅಲ್ಲಿ ದುಡಿದಿದ್ದವರು ಗೇಟಣ್ಣ ಒಬ್ಬರೇ. ಗೇಟು ತೆಗೆದುಕೊಟ್ಟರು ಎಂದು ಅವರನ್ನೂ ಸುಮ್ಮನೆ ಎಳೆದು ನಿಲ್ಲಿಸಿದ್ದರು.

ಬಣ್ಣ ಬಳಿದ ಹಲಗೆಯ ವೇದಿಕೆಯ ಮೇಲೆ ಹೀರೋ ನಿಂತ. ನಮ್ಮ ಮಾತು ಬರುತ್ತಿದ್ದ ಸಹಾಯಕ ಎಲ್ಲರಿಗೂ ವಿವರಿಸಿದ: "ಏನು ಬೇಕಾದ್ರೂ ಕೂಗಿ. ದನಿ ಆಮೇಲೆ ನಾವು ಹಾಕ್ಕೋತೀವಿ. ಸಿಟ್ಟಿಂದ ಬಾಯಿ ಆಡಿದ್ರೆ ಸಾಕು."

ಎಲ್ಲರೂ ಗಂಟಲು ಹರಿಯುವ ಹಾಗೆ ಕಿರುಚಿದರು. ನನ್ನ ಯಜಮಾನರಂತೂ ಮನೆಯಲ್ಲಿ ನನ್ನ ಮೇಲೆ ಕೂಗಲಾರದ್ದನ್ನೆಲ್ಲ ಅಲ್ಲಿ ಕೂಗಿಕೊಂಡರು. ಗೇಟಣ್ಣನ ಬಾಯಿಂದ ಮಾತ್ರ ಚೂರೂ ದನಿ ಬರಲಿಲ್ಲ, ತುಟಿಗಳಷ್ಟೇ ಅಲುಗುತ್ತಿದ್ದವು. ನಿರ್ದೇಶಕ ಅದನ್ನು ಕಂಡು ಕುರ್ಚಿಯಿಂದ ಎದ್ದೇಬಿಟ್ಟ. ಸಹಾಯಕ ಓಡಿಬಂದು, "ನೋಡ್ರಪ್ಪ, ಸಿಟ್ಟನ್ನ ಹೇಗೆ ನುಂಗ್ಕೊಳ್ತಿದಾರೆ ನೋಡಿ!" ಎಂದು ಇವರನ್ನು ಮುಂದಿನ ಸಾಲಿಗೆ ತಂದು, ಕ್ಯಾಮೆರಾಕ್ಕೆ ನೇರವಾಗಿ ನಿಲ್ಲಿಸಿದ. ಮತ್ತೆ ಮತ್ತೆ ಅದನ್ನೇ ಮಾಡಿಸಿದರು.

ಸಂಜೆ ಎಲ್ಲರೂ ಹೋದ ಮೇಲೆ ನಾನು ಚಹಾ ಒಯ್ದು ಕೇಳಿದೆ. "ಅದೇನು ಗೇಟಣ್ಣ, ಧಣಿಗೆ ಅಷ್ಟೊಂದು ಶಾಪ ಹಾಕಿದ್ರಂತೆ?"

"ಧಣಿಗಲ್ಲ ತಂಗಿ."

"ಮತ್ತೆ?"

ಚಹಾ ಮುಗಿಸಿ ಲೋಟ ಕೆಳಗಿಟ್ಟು ಹೇಳಿದರು. "ಸಿನಿಮಾ ಎಲ್ಲಾ ಊರಿಗೂ ಹೋಗುತ್ತಲ್ವಾ? ಭಾವನ ಊರಿಗೂ ಹೋಗುತ್ತೆ. ಅದಕ್ಕೇ ಅವನಿಗೇ ಹೇಳಿದೆ. 'ಭಾವ, ನೀನು ಹೇಳಿದ್ದೇ ಸರಿ. ಇನ್ನಾದ್ರೂ ಈ ಕಡೆ ಮುಖ ತಿರುಗಿಸು. ನಾನಿನ್ನೂ ಗೇಟಲ್ಲೇ ಇದೀನಿ.' ಅಷ್ಟೇ."

ನಾನು ಲೋಟ ತೆಗೆದುಕೊಂಡು ಅಂಗಡಿಗೆ ಬಂದು, ಯಾರದೋ ರವಿಕೆಯ ತೋಳನ್ನು ತಿರುವುಮುರುವು ಹೊಲಿದು, ಮತ್ತೆ ಬಿಚ್ಚಿದೆ.

ಸಿನಿಮಾ ಬಂತು. ನಾನು, ಯಜಮಾನರು, ಗೇಟಣ್ಣ ಮೂವರೂ ಹೋದೆವು. ಇವರು ಹೆಂಡತಿ ಹೋದ ಮೇಲೆ ಥಿಯೇಟರಿಗೆ ಕಾಲಿಟ್ಟದ್ದು ಅದೇ ಮೊದಲು. ಆ ದೃಶ್ಯ ಬಂದಾಗ ನನಗೆ ಒಂದೇ ಚಿಂತೆ, ಎಷ್ಟು ಕತ್ತರಿಸಿದ್ದಾರೋ, ಯಾರ ತಲೆ ಅಡ್ಡ ಬಂದಿದೆಯೋ ಎಂದು. ಏನೂ ಕತ್ತರಿಸಿರಲಿಲ್ಲ. ಗೋಡೆಯಷ್ಟು ದೊಡ್ಡದಾಗಿ ಗೇಟಣ್ಣನ ಮುಖ ಬಂತು, ತುಟಿಗಳು ಒಂದೊಂದಾಗಿ ಅಲುಗಿದವು. ಮೇಲೆ ಹಾಕಿದ್ದು ಮಾತ್ರ ಸಾವಿರ ಜನರ ಧಿಕ್ಕಾರದ ಕೂಗು. ನನ್ನ ಯಜಮಾನರ ಒಂದು ಮೊಣಕೈ ಕಂಡಿತು. ಮನೆಗೆ ಹೋಗುವವರೆಗೂ ಅವರು ಅದೇ ಮಾತಾಡಿದರು.

ಕೊನೆಯಲ್ಲಿ ಹೀರೋ ಕೋರ್ಟಿನಲ್ಲಿ ನಿಂತು ಉದ್ದನೆಯ ಭಾಷಣ ಹೊಡೆಯುತ್ತಾನೆ. ತಾನು ಯಾವ ಕಾನೂನನ್ನೂ ಮುರಿದಿಲ್ಲ, ಕನಸು ಕಂಡದ್ದೇ ತಪ್ಪಾ, ತಾನು ಮೇಲೆ ಬಂದಿದ್ದರಿಂದಲೇ ಸಾವಿರಾರು ಜನ ಉಂಡರು ಎಂದು. ಜನ ಸಿಳ್ಳೆ ಹೊಡೆದರು. ಹೊರಗೆ ಬಂದಾಗ ಗೇಟಣ್ಣ, "ಅವನೂ ಕೆಟ್ಟವನಲ್ಲ ಅಲ್ವಾ ತಂಗಿ" ಎಂದರು.

ನನಗೆ ಮೈಯೆಲ್ಲ ಉರಿಯಿತು. "ಹೌದು, ಯಾರೂ ಕೆಟ್ಟವರಲ್ಲ! ಎಲ್ಲರೂ ಒಳ್ಳೆಯವರೇ ಸೇರ್ಕೊಂಡು ನಿಮ್ಮನ್ನ ಆ ಗೂಡಿನೊಳಗೆ ಕೂರಿಸಿದ್ದು!"

ಹಾಗೆ ಅನ್ನಬಾರದಿತ್ತು ಎಂದು ಈಗಲೂ ಅನಿಸುತ್ತದೆ, ಅಂದದ್ದು ಸುಳ್ಳು ಎಂದು ಮಾತ್ರ ಅನಿಸುವುದಿಲ್ಲ.

ಪತ್ರಿಕೆಯಲ್ಲಿ ಯಾರೋ, ಆ ಮುದಿ ಕಾರ್ಮಿಕನ ದನಿಯಿಲ್ಲದ ಶಾಪ ಇಡೀ ಬಂಡವಾಳಶಾಹಿಯನ್ನೇ ಸುಡುವಂತಿದೆ ಎಂದು ಬರೆದರು. ನಾನು ಓದಿ ಹೇಳಿದಾಗ ಗೇಟಣ್ಣ, "ಪಾಪ, ಚೆನ್ನಾಗಿ ಬರೆದಿದಾರೆ" ಎಂದರು, ಅಷ್ಟೇ. ಅವರ ಕಣ್ಣು ರಸ್ತೆಯ ಮೇಲಿತ್ತು. ಆ ದಿನಗಳಲ್ಲಿ ಅವರು ದಿನಾ ಕ್ಷೌರ ಮಾಡಿಕೊಂಡು, ಒಗೆದ ಅಂಗಿ ಹಾಕಿಕೊಂಡು ಗೇಟಿನ ಹೊರಗೇ ನಿಲ್ಲುತ್ತಿದ್ದರು. ಬಸ್ಸು ನಿಂತಾಗಲೆಲ್ಲ ಇಳಿದವರ ಮುಖ ನೋಡುತ್ತಿದ್ದರು. ಸಿನಿಮಾ ಥಿಯೇಟರಿನಿಂದ ಹೋಯಿತು. ಪೋಸ್ಟರಿನ ಮೇಲೆ ಬೇರೆ ಪೋಸ್ಟರು ಬಿತ್ತು. ಭಾವ ಬರಲಿಲ್ಲ. ಕ್ರಮೇಣ ಕುರ್ಚಿ ಮತ್ತೆ ಗೂಡಿನೊಳಗೆ ಹೋಯಿತು. ಊಟದ ಹೊತ್ತಿಗೆ ಮುಖ ಮತ್ತೆ ಗೋಡೆಯ ಕಡೆಗೆ ತಿರುಗಿತು.

ಆ ಸಿನಿಮಾ ಟಿವಿಯಲ್ಲಿ ಬಂದದ್ದು ಎಷ್ಟೋ ಕಾಲದ ಮೇಲೆ. ಅದರ ಮಾರನೆಯ ದಿನ, ಹರಿದ ಅಂಗಿಗೆ ತೇಪೆ ಹಾಕಿದ್ದನ್ನು ಕೊಡಲು ನಾನು ಗೂಡಿಗೆ ಹೋಗಿದ್ದೆ. ಫೋನು ರಿಂಗಾಯಿತು. ಗೇಟಣ್ಣ ಎತ್ತಿದರು. ಆ ಕಡೆಯವನು ಎಷ್ಟು ಜೋರಾಗಿ ಮಾತಾಡುತ್ತಿದ್ದನೆಂದರೆ ಬಾಗಿಲಲ್ಲಿ ನಿಂತ ನನಗೂ ಪ್ರತಿ ಮಾತು ಕೇಳಿಸಿತು.

"ಭಾವ! ನಾನು. ಮಿಲ್ಲಿನ ನಂಬರ್ ಬಾಯಿಗೆ ಬರುತ್ತಲ್ಲ, ನಾನೇ ಒತ್ತಿದೆ. ನೀನು ಎತ್ತಿದೀಯೋ ಇಲ್ವೋ ನಂಗೆ ಗೊತ್ತಾಗಲ್ಲ. ಕಿವಿ ಪೂರ್ತಿ ಹೋಯ್ತು. ಮಗ್ಗ ತಿಂದು ಹಾಕ್ತು. ಇಷ್ಟು ಹೊತ್ತಿಗೆ ಎತ್ತಿರ್ತೀಯ ಅಂತ ಮಾತಾಡ್ತಿದೀನಿ."

ಗೇಟಣ್ಣ ಕುರ್ಚಿ ಬಿಟ್ಟು ಎದ್ದು ನಿಂತರು.

"ನಿನ್ನೆ ಟಿವಿಯಲ್ಲಿ ನಿನ್ನ ನೋಡಿದೆ. ಎಲ್ಲರೂ ಧಣಿ ಕಡೆ ತಿರುಗಿ ಬಾಯಿ ಬಡ್ಕೊಳ್ತಿದ್ರು. ನೀನೊಬ್ಬ ಈ ಕಡೆ ನೋಡ್ತಿದ್ದೆ. ಮಗಳು, ಮೊಮ್ಮಕ್ಕಳು ಎಲ್ಲಾ ಪಕ್ಕದಲ್ಲೇ ಇದ್ರು, ಯಾರಿಗೂ ತಿಳೀಲಿಲ್ಲ. ನಂಗೆ ತಿಳೀತು. ಇಲ್ಲಿ ನನ್ನ ಜೊತೆ ತುಟಿಯಲ್ಲಿ ಮಾತಾಡೋರು ಯಾರೂ ಇಲ್ಲ ಭಾವ. ಕಿವಿಗೆ ಬಾಯಿ ಇಟ್ಟು ಕಿರುಚ್ತಾರೆ, ಆಮೇಲೆ ಬೇಜಾರಾಗಿ ಬಿಟ್ಟುಬಿಡ್ತಾರೆ. ಎಷ್ಟೋ ವರ್ಷದಿಂದ ನನಗೆ ಅರ್ಥ ಆದ ಹಾಗೆ ಮಾತಾಡಿದ್ದು ನೀನೊಬ್ಬನೇ."

ಗೇಟಣ್ಣ ರಿಸೀವರನ್ನು ಬಾಯಿಯ ಮುಂದೆ ಹಿಡಿದುಕೊಂಡರು. ಅವರ ತುಟಿಗಳು ಅಲುಗತೊಡಗಿದವು. ದನಿ ಮಾತ್ರ ಇಲ್ಲ.

ನನಗೆ ತಡೆಯಲಾಗಲಿಲ್ಲ. "ಗೇಟಣ್ಣ, ದನಿ ತೆಗೀರಿ! ಫೋನು ಅದು! ಕೂಗಿ!"

ಅವರು ಬೆಚ್ಚಿ ನನ್ನನ್ನು ನೋಡಿದರು. ಆಮೇಲೆ ಕೂಗಿದರು. "ಭಾವಾ!" ಎಂದು. ಅಷ್ಟು ದೊಡ್ಡ ದನಿ ಆ ಸಣ್ಣ ದೇಹದಲ್ಲಿತ್ತು ಎಂದು ನನಗೆ ಗೊತ್ತಿರಲಿಲ್ಲ. "ಭಾವಾ, ನಿಲ್ಲು! ಹೋಗಬೇಡ! ಕೀಲಿ ಇಸ್ಕೊಂಡಿದ್ದು ತಪ್ಪಾಯ್ತು! ಹೋಗಬೇಡ ಭಾವಾ!"

ಅಂದು ಬೀದಿಯಲ್ಲಿ ಕೂಗಬೇಕಾಗಿದ್ದದ್ದನ್ನು ಈಗ ಕೂಗುತ್ತಿದ್ದರು. ಬಸ್ ಸ್ಟಾಪಿನಲ್ಲಿ ಇದ್ದವರು ತಿರುಗಿ ನೋಡಿದರು. ನನ್ನ ಯಜಮಾನರು ಅಂಗಡಿಯಿಂದ ಹೊರಗೆ ಬಂದರು. ಗೋದಾಮಿನಲ್ಲಿ ಮೂಟೆ ಇಳಿಸುತ್ತಿದ್ದವರು ಕೆಲಸ ನಿಲ್ಲಿಸಿದರು. ಆ ಕಡೆಯವನಿಗೆ ಮಾತ್ರ ಏನೂ ಕೇಳಿಸುತ್ತಿರಲಿಲ್ಲ.

"ನೀನೂ ಏನಾದ್ರೂ ಹೇಳ್ತಿರ್ತೀಯ" ಎಂದಿತು ಫೋನಿನ ದನಿ. "ಹೇಳು. ಮಗಳು ಕೆಲಸದಿಂದ ಬರೋದು ಸಂಜೆಗೆ, ಅವಸರ ಇಲ್ಲ. ನೀನು ಹೇಳಿ ಮುಗಿಸೋವರೆಗೂ ಹಿಡ್ಕೊಂಡಿರ್ತೀನಿ."

ಗೇಟಣ್ಣ ಹೇಳಿದರು. ಕೂಗಿ ಕೂಗಿ ದನಿ ಒಡೆದು, ಕೊನೆಗೆ ಬರೀ ತುಟಿಗಳು ಉಳಿದವು. ಆ ಕಡೆಯಿಂದ ಉಸಿರಾಟ ಕೇಳಿಸುತ್ತಲೇ ಇತ್ತು. ಬಹಳ ಹೊತ್ತಿನ ಮೇಲೆ ಆತ ಕೇಳಿದ.

"ಮುಗೀತಾ ಭಾವ?"

ಗೇಟಣ್ಣ ಟೆಲಿಫೋನಿಗೆ ತಲೆಯಾಡಿಸಿದರು.