ಜಸ್ಮೀನಳ ನಿಕಾಹಿನ ದುಪಟ್ಟಾ

ಆಳಂದದಲ್ಲಿ ಬ್ಲೌಸು ಹೊಲಿದು ಬದುಕುವ ಅಖ್ತರಬೇಗಂ ಜೇವರ್ಗಿಯಿಂದ ಸೊಸೆಯಾಗಿ ಬಂದವಳು. ಗಂಡ ಖಾದರಸಾಬ ತೀರಿಕೊಂಡ ಮೇಲೆ ಮಗಳು ಅಂಜುಮಳನ್ನು ಹೊಲಿಗೆಯಂತ್ರದ ಮೇಲೇ ಸಾಕಿದಳು. ಅತ್ತೆ ಸಾಯುವ ಮುಂಚೆ ತನ್ನ ಲಗ್ನದ ಕೆಂಪು ಖಡಾ ದುಪಟ್ಟಾವನ್ನು ಹೆತ್ತ ಮಗಳು ಶಮಶಾದಳಿಗೆ ಕೊಡದೆ ಈ ಸೊಸೆಯ ಕೈಗೆ ಕೊಟ್ಟಿದ್ದಳು. ತಲೆಯಿಂದ ಕಾಲಿನವರೆಗೆ ಇಳಿಯುವ, ಜರಿ ಅಂಚಿನ ಆ ರೇಷ್ಮೆ ಹೊದ್ದೇ ಆ ಮನೆತನದ ಹೆಣ್ಣುಮಕ್ಕಳು ನಿಕಾಹಿಗೆ ಕೂರುತ್ತಿದ್ದರು. ತಾಯಿ ತನಗೆ ಕೊಡಲಿಲ್ಲವೆಂಬ ಸಿಟ್ಟು ಶಮಶಾದಳ ಎದೆಯಲ್ಲಿ ಹಾಗೇ ಉಳಿದಿತ್ತು.

ಹೋದ ವರ್ಷ ಕಲಬುರಗಿಯಲ್ಲಿ ಉಡುಗೆ-ತೊಡುಗೆ, ನೇಯ್ಗೆಗಳದೇ ಒಂದು ಮ್ಯೂಸಿಯಂ ತೆರೆಯಿತು. ಅಲ್ಲಿ ಕೆಲಸ ಮಾಡುವ ಬಸವೇಶ್ವರಿ ಹಳೆಯ ಬಟ್ಟೆ ಹುಡುಕುತ್ತ ಆಳಂದಕ್ಕೂ ಬಂದಳು. ಅಖ್ತರಬೇಗಂ ಟ್ರಂಕು ತೆರೆದು ತೋರಿಸಿದಾಗ, ದುಪಟ್ಟಾ ಮಡಿಕೆ ಇದ್ದಲ್ಲೆಲ್ಲ ಬಿರುಕು ಬಿಟ್ಟಿತ್ತು.

“ಹಿಂಗ ಮಡಚಿ ಇಟ್ಟರ ಪೂರಾ ಪುಡಿ ಆಗ್ತದರಿ ಅಕ್ಕಾ. ಸದ್ಯಕ್ಕ ನಮ್ಮಲ್ಲಿ ಇಡ್ರಿ. ನೀವು ಕೇಳಿದಾಗ ವಾಪಸ್ ಕೊಡ್ತೇವಿ” ಎಂದಳು ಬಸವೇಶ್ವರಿ.

ಅಖ್ತರಬೇಗಂ ಯಾರಿಗೂ ಹೇಳದೆ ಕೊಟ್ಟುಬಿಟ್ಟಳು. ಆಮೇಲೆ ಶಮಶಾದಳ ಮೊಮ್ಮಗಳು ಜಸ್ಮೀನಳ ನಿಕಾಹ್ ನಿಶ್ಚಯವಾಯಿತು. ದುಪಟ್ಟಾ ಕೇಳಲು ಶಮಶಾದ ತಾನೇ ಮನೆಗೆ ಬಂದಳು.

“ಆಪಾ, ಅದು ಮನ್ಯಾಗ ಇಲ್ಲ. ಕಲಬುರಗಿ ಮ್ಯೂಸಿಯಂನಾಗ ಅದ.”

“ಮಾರಿದೇನ್ ಬೇ?”

“ಇಲ್ಲ ಆಪಾ. ಕೆಡಬಾರದಂತ ಇಟ್ಟೇನಿ.”

ಶಮಶಾದ ನಂಬಲಿಲ್ಲ. ಸಂಜೆಯೊಳಗೆ ಬೀಗರ ಮನೆಯವರೆಗೂ ಮಾತು ಹೋಯಿತು: ಅಖ್ತರ ಮನೆತನದ ದುಪಟ್ಟಾ ಮಾರಿಕೊಂಡಳು. ಬ್ಲೌಸು ಹೊಲಿಸಲು ಬರುತ್ತಿದ್ದವರೂ ಬಾಗಿಲಲ್ಲೇ ನಿಂತು ಬೇರೆ ಏನೋ ಮಾತಾಡಿ ಹೋಗತೊಡಗಿದರು. ನಿಕಾಹಿನ ಹಿಂದಿನ ದಿನ ಅಖ್ತರಬೇಗಂ ಶಮಶಾದಳನ್ನು ಕರೆದುಕೊಂಡೇ ಕಲಬುರಗಿಗೆ ಹೊರಟಳು.

ಮ್ಯೂಸಿಯಂನ ಒಳಕೋಣೆಯಲ್ಲಿ ಮಂದ ಬೆಳಕು, ತಣ್ಣನೆ ಗಾಳಿ. ಉದ್ದನೆಯ ಮೇಜಿನ ಮೇಲೆ ದುಪಟ್ಟಾ ಚಾಚಿಕೊಂಡು ಮಲಗಿತ್ತು. ಶಮಶಾದ ಕೈ ಚಾಚಿದಳು. ಬಸವೇಶ್ವರಿ ತಡೆಯುವಷ್ಟರಲ್ಲಿ ರೇಷ್ಮೆಯ ಒಂದು ಎಳೆ ಅವಳ ಬೆರಳಿಗೆ ಅಂಟಿ ಬಂತು.

“ಏನೋ ಔಷಧ ಹಚ್ಚಿ ಕೆಡಿಸೀರಿ” ಎಂದು ಶಮಶಾದ ಸಿಡಿದಳು.

“ಇಲ್ರಿ ಅಮ್ಮಾ, ವಯಸ್ಸಾಗ್ಯದ ಅದಕ್ಕ. ನಿಮ್ಮ ವಸ್ತು, ಬ್ಯಾಡ ಅನ್ನಾಕ ನನಗ ಬರಂಗಿಲ್ಲ. ಆದ್ರ ಹೊದ್ದರ ಹರೀತದ.”

ಇಬ್ಬರೂ ಅಖ್ತರಬೇಗಂಳ ಮುಖ ನೋಡಿದರು. ಬಿಟ್ಟು ಹೋದರೆ ಮಾರಿಕೊಂಡವಳು ಎಂಬ ಹೆಸರು ಹೋಗುವುದಿಲ್ಲ. ಒಯ್ದರೆ ಅತ್ತೆ ನಂಬಿ ಕೊಟ್ಟ ವಸ್ತು ಹೋಗುತ್ತದೆ.

“ಕಟ್ಟಿ ಕೊಡ್ರಿ” ಎಂದಳು ಕೊನೆಗೆ.

ಅಗಲವಾದ ರಟ್ಟಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಳು. ತಗ್ಗು ಬಂದಾಗಲೆಲ್ಲ ಪೆಟ್ಟಿಗೆಯನ್ನು ಎತ್ತಿ ಹಿಡಿದಳು. ಆಳಂದ ಬರುವ ಹೊತ್ತಿಗೆ ತೋಳುಗಳು ಮರಗಟ್ಟಿದ್ದವು.

ಮರುದಿನ ಹೆಂಗಸರು ಕಿಕ್ಕಿರಿದ ಕೋಣೆಯಲ್ಲಿ ಶಮಶಾದ, “ಹೊದಿಸಿ ನಡಿಸಿಕೊಂಡು ಬಾ, ಎಲ್ಲಾರೂ ನೋಡ್ಲಿ” ಎಂದಳು.

“ಆಗಂಗಿಲ್ಲ ಆಪಾ. ಕುಂತ ಮ್ಯಾಲ ನಾನೇ ಹೊದಿಸ್ತೇನಿ.” ಆಪಾ ಎಂದು ಕರೆಯುವ ಗಂಡನ ಅಕ್ಕನಿಗೆ ಅವಳು ಇಲ್ಲ ಅಂದದ್ದು ಅದೇ ಮೊದಲು. ಕೂತ ಜಸ್ಮೀನಳಿಗೆ ದುಪಟ್ಟಾ ಹೊದಿಸಿ ಅವಳ ಕಿವಿಯಲ್ಲಿ, “ತಲಿ ಬಗ್ಗಿಸಬ್ಯಾಡ ಮಗಳೇ” ಅಂದಳು.

ನಿಕಾಹಿಗೆ ಹುಡುಗಿಯ ಒಪ್ಪಿಗೆ ಪಡೆಯುವ ವಕೀಲರು, ಸಾಕ್ಷಿಗಳು ಪರದೆಯಾಚೆ ಬಂದು ನಿಂತರು. ಒಪ್ಪಿಗೆ ಕೇಳಿದರು. ಜಸ್ಮೀನ ತಲೆ ಎತ್ತಿಕೊಂಡೇ ಕೂತಿದ್ದಳು. ಮತ್ತೆ ಕೇಳಿದರು. ಅಳು ತಡೆಯದೆ ಹುಡುಗಿಯ ತಲೆ ತಾನಾಗಿಯೇ ಬಾಗಿತು. ನೆತ್ತಿಯ ಮೇಲಿಂದ ಹೆಗಲಿನವರೆಗೆ ರೇಷ್ಮೆ ಸೀಳಿತು. ಸದ್ದು ಇಡೀ ಕೋಣೆಗೆ ಕೇಳಿಸಿತು.

“ಅಪಶಕುನ” ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು.

ಅಖ್ತರಬೇಗಂ ಕಣ್ಣು ಮುಚ್ಚಿಕೊಂಡಳು. ಜಸ್ಮೀನ ಹರಿದ ಎರಡೂ ಅಂಚನ್ನು ಒಂದೇ ಮುಷ್ಟಿಯಲ್ಲಿ ಹಿಡಿದು, ಪರದೆಯಾಚೆ ಕೇಳುವ ಹಾಗೆ “ಕುಬೂಲ್ ಹೈ” ಎಂದಳು.

ಶಮಶಾದ ಪಿಸುಗುಟ್ಟಿದವರ ಕಡೆ ತಿರುಗಿದಳು. “ಹಳೀ ಬಟ್ಟಿ ಹರದದ. ಅಷ್ಟೇ. ಸುಮ್ನ ಕುಂದರ್ರಿ.” ಆಮೇಲೆ ತಾನೇ ಮೆಲ್ಲಗೆ ದುಪಟ್ಟಾ ಬಿಡಿಸಿ ಅಖ್ತರಬೇಗಂಳ ಕೈಗಿತ್ತಳು. “ಪೆಟಗ್ಯಾಗ ಇಡು. ತಿರುಗಿ ಕಳಿಸು.” ಮಾರಿದಳೆಂದು ಅಂದದ್ದಕ್ಕೆ ತಪ್ಪಾಯಿತು ಎಂದೇನೂ ಹೇಳಲಿಲ್ಲ.

ದುಪಟ್ಟಾ ಈಗ ಮ್ಯೂಸಿಯಂನಲ್ಲಿದೆ. ಅದರ ಕೆಳಗಿನ ಚೀಟಿಯಲ್ಲಿ ತಾಯಿಯ ಹೆಸರು ಬರೆಯಬೇಕೆಂದು ಶಮಶಾದ ಹಟ ಹಿಡಿದು ಬರೆಸಿದಳು. ಸೀಳನ್ನು ಜೋಡಿಸಬೇಕು ಎನ್ನುತ್ತಾಳೆ ಅವಳು. ಸೂಜಿ ತಾಗಿದರೆ ಇನ್ನಷ್ಟು ಹರಿಯುತ್ತದೆ ಎನ್ನುತ್ತಾಳೆ ಅಖ್ತರಬೇಗಂ. ಬಸವೇಶ್ವರಿ ಫೋನು ಮಾಡಿದಾಗಲೆಲ್ಲ ಇಬ್ಬರಿಂದಲೂ ಬೇರೆ ಬೇರೆ ಉತ್ತರ ಸಿಗುತ್ತದೆ.

ಬರುವ ಚಳಿಗಾಲಕ್ಕೆ ಅಂಜುಮಳ ನಿಕಾಹ್. ಅಖ್ತರಬೇಗಂ ಹೊಸ ಕೆಂಪು ರೇಷ್ಮೆಗೆ ಜರಿ ಹಚ್ಚುತ್ತಿದ್ದಾಳೆ. ಶಮಶಾದ ಮಧ್ಯಾಹ್ನ ಬಂದು ಪಕ್ಕದಲ್ಲಿ ಕೂತು ಇನ್ನೊಂದು ಅಂಚಿಗೆ ಮಿನುಗುವ ಟಿಕಳಿ ಹೊಲಿಯುತ್ತಾಳೆ, ಬಣ್ಣ ಸ್ವಲ್ಪ ಗಾಢವಾಯಿತು ಎಂದು ಗೊಣಗುತ್ತಾಳೆ.